ಪರದೇಶದ ಯುದ್ಧ, ನಮ್ಮ ಪಾಸ್‌ಪೋರ್ಟು: ಹೋಗಿ ಕಾದಾಡುವುದು ಅಪರಾಧವೇ?

ಕಲಬುರಗಿಯ ಕೆಲವು ಯುವಕರು 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದರು. ದುಬೈನಲ್ಲಿ ತಿಂಗಳಿಗೆ ಮೂವತ್ತು ನಲವತ್ತು ಸಾವಿರಕ್ಕೆ ದುಡಿಯುತ್ತಿದ್ದವರಿಗೆ ಲಕ್ಷದ ಮೇಲೆ ಸಂಬಳದ ಆಸೆ ತೋರಿಸಿದ್ದು ಯೂಟ್ಯೂಬ್ ವಿಡಿಯೊಗಳು ಮತ್ತು ಅವುಗಳ ಹಿಂದಿದ್ದ ಏಜೆಂಟರು. ಸೆಕ್ಯುರಿಟಿ ಕೆಲಸ, ಸೇನೆಗೆ ‘ಸಹಾಯಕ’ರಾಗಿದ್ದರೆ ಸಾಕು, ಯುದ್ಧ ನಡೆಯುವ ಕಡೆ ಕಳಿಸುವುದಿಲ್ಲ ಎಂದಿದ್ದರು. ಅಲ್ಲಿ ಇಳಿದ ಮೇಲೆ ಸಿಕ್ಕಿದ್ದು ರಷ್ಯನ್ ಭಾಷೆಯ ಒಪ್ಪಂದಪತ್ರ. ಸಹಿ ಬಿತ್ತು, ಪಾಸ್‌ಪೋರ್ಟ್ ಕೈತಪ್ಪಿತು, ಬಂದೂಕು ಹಿಡಿಯುವ ಅಲ್ಪಸ್ವಲ್ಪ ತರಬೇತಿಯಾಯಿತು, ಆಮೇಲೆ ಉಕ್ರೇನ್ ಗಡಿ. 2024ರ ಫೆಬ್ರವರಿಯಲ್ಲಿ ಗುಜರಾತಿನ ಯುವಕನೊಬ್ಬ ಅಲ್ಲಿ ಸತ್ತ ಸುದ್ದಿ ಬಂದ ಮೇಲೆಯೇ ದೇಶ ಇದರತ್ತ ತಿರುಗಿ ನೋಡಿದ್ದು. ಕಲಬುರಗಿಯವರು ಮನೆ ಸೇರುವ ಹೊತ್ತಿಗೆ ಆ ವರ್ಷದ ಸೆಪ್ಟೆಂಬರ್ ಬಂದಿತ್ತು.

ಹೀಗೆ ಹೋದವರೆಲ್ಲ ಮನೆ ಸೇರಲಿಲ್ಲ. ರಷ್ಯಾದ ಸೇನೆಗೆ ಸೇರಿದ ಭಾರತೀಯರು 126 ಎಂದು ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ಹೇಳಿತು. ಅವರಲ್ಲಿ 96 ಮಂದಿ ವಾಪಸಾಗಿದ್ದರು, 12 ಮಂದಿ ಸತ್ತಿದ್ದರು. ಉಳಿದ 18 ಜನರಲ್ಲಿ 16 ಮಂದಿ ಎಲ್ಲಿದ್ದಾರೆಂಬುದು ರಷ್ಯಾಕ್ಕೂ ಗೊತ್ತಿರಲಿಲ್ಲ.

ಆ ದಿನಗಳ ಚರ್ಚೆಯೆಲ್ಲ ‘ಇವರನ್ನು ವಾಪಸ್ ಕರೆತನ್ನಿ’ ಎಂಬುದರ ಸುತ್ತ ನಡೆಯಿತು. ಅದು ಸಹಜವೇ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಯಾರೂ ನೇರವಾಗಿ ಕೇಳಲಿಲ್ಲ. ಮೋಸ ಹೋಗದೆ, ಎಲ್ಲ ತಿಳಿದೇ, ಒಬ್ಬ ಭಾರತೀಯ ತನ್ನ ಇಚ್ಛೆಯಿಂದ ಬೇರೆ ದೇಶದ ಯುದ್ಧಕ್ಕೆ ಹೊರಟರೆ? ಅದು ಅವನ ಸ್ವಾತಂತ್ರ್ಯವೋ, ಅಪರಾಧವೋ? ನಮ್ಮ ಕಾನೂನು ಇದಕ್ಕೆ ಕೊಡುವ ಉತ್ತರ ವಿಚಿತ್ರವಾಗಿದೆ. ಪುಸ್ತಕದಲ್ಲಿ ಜೀವಾವಧಿ ಶಿಕ್ಷೆಯವರೆಗೆ ಬರೆದುಕೊಂಡಿದೆ. ವ್ಯವಹಾರದಲ್ಲಿ ಎಲ್ಲವನ್ನೂ ಸರ್ಕಾರದ ಅಂದಂದಿನ ಮನಸ್ಸಿಗೆ ಬಿಟ್ಟಿದೆ.

ಎಲ್ಲರೂ ಒಂದೇ ಜಾತಿಯ ಹೋರಾಟಗಾರರಲ್ಲ

ಮೊದಲು ಯಾರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರವಾಗಿ ಮೈಸೂರು ಸಂಸ್ಥಾನದ ಅಶ್ವದಳ ಇಂದಿನ ಇಸ್ರೇಲಿನ ಹೈಫಾ ಪಟ್ಟಣದ ಮೇಲೆ ದಾಳಿಮಾಡಿ ಗೆದ್ದಿತು. ಜೋಧಪುರದ ಅಶ್ವದಳ ಜೊತೆಗಿತ್ತು, ಎದುರಿಗೆ ತುರ್ಕಿ ಮತ್ತು ಜರ್ಮನ್ ಸೈನ್ಯವಿತ್ತು. ಯುದ್ಧ ಪರದೇಶದ್ದೇ, ಹೋದವರು ನಮ್ಮವರೇ. ಆದರೆ ಕಳಿಸಿದ್ದು ಪ್ರಭುತ್ವ. ಸವಾರ ತಾನಾಗಿ ನಿರ್ಧರಿಸಿ ಹಡಗು ಹತ್ತಿದವನಲ್ಲ. ಇಂದು ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗುವ ನಮ್ಮ ಸೈನಿಕರದ್ದೂ ಇದೇ ಕಥೆ. ಇವರನ್ನು ಈ ಚರ್ಚೆಯಿಂದ ಹೊರಗಿಡೋಣ.

ಎರಡನೆಯವರು ಇನ್ನೊಂದು ದೇಶದ ಖಾಯಂ ಸೇನೆಗೆ ಬಹಿರಂಗವಾಗಿ, ಎರಡೂ ಸರ್ಕಾರಗಳ ಒಪ್ಪಿಗೆಯ ಮೇಲೆ ಸೇರುವವರು. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಸೇನೆಯಲ್ಲಿಯೇ ಏಳು ಗೂರ್ಖಾ ರೆಜಿಮೆಂಟುಗಳಿವೆ. 1947ರ ನವೆಂಬರಿನಲ್ಲಿ ಭಾರತ, ನೇಪಾಳ, ಬ್ರಿಟನ್ ನಡುವೆ ಆದ ಒಪ್ಪಂದದ ಪ್ರಕಾರ ನೇಪಾಳದ ಪ್ರಜೆಗಳು ಭಾರತಕ್ಕಾಗಿ ಯುದ್ಧ ಮಾಡಿದ್ದಾರೆ, ಸತ್ತಿದ್ದಾರೆ, ಪದಕ ಪಡೆದಿದ್ದಾರೆ, ಪಿಂಚಣಿ ಪಡೆಯುತ್ತಿದ್ದಾರೆ. ‘ಬೇರೆ ದೇಶದ ಸೇನೆಯಲ್ಲಿ ಕಾದಾಡುವುದೇ ತಪ್ಪು’ ಎಂದು ಭಾರತ ತತ್ವವಾಗಿ ಹೇಳುವಂತಿಲ್ಲ ಎಂಬುದಕ್ಕೆ ಇದೊಂದೇ ಸಾಕು.

ಮೂರನೆಯವರು ನಂಬಿಕೆಗಾಗಿ ಹೋಗುವವರು. 1936ರಿಂದ 1939ರವರೆಗೆ ಸ್ಪೇನಿನ ಅಂತರ್ಯುದ್ಧದಲ್ಲಿ ಸೇನಾ ಬಂಡಾಯದ ನಾಯಕ ಫ್ರಾಂಕೊ ವಿರುದ್ಧ ಹೋರಾಡಲು ಐವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 35,000 ಜನ ಅಂತಾರಾಷ್ಟ್ರೀಯ ದಳಗಳಿಗೆ ಸೇರಿದರು. ಅವರಲ್ಲಿ ನಾಗಪುರದ ಗೋಪಾಲ ಮುಕುಂದ ಹುದ್ದಾರ್ ಒಬ್ಬರು. ಪತ್ರಿಕೋದ್ಯಮ ಓದಲು ಲಂಡನ್ನಿಗೆ ಹೋದವರು, ‘ಜಾನ್ ಸ್ಮಿತ್’ ಎಂದು ಹೆಸರು ಬರೆಸಿ ಬ್ರಿಟಿಷ್ ದಳದಲ್ಲಿ ಸೇರಿ, 1938ರಲ್ಲಿ ಸೆರೆಸಿಕ್ಕು, ಬಿಡುಗಡೆಯಾಗಿ ಊರಿಗೆ ಮರಳಿದರು. ಅವರು ಅದಕ್ಕೆ ಮುಂಚೆ ಆರ್‌ಎಸ್‌ಎಸ್‌ನ ಆರಂಭದ ದಿನಗಳ ಪದಾಧಿಕಾರಿ, ಸ್ಪೇನಿನ ನಂತರ ಕಮ್ಯುನಿಸ್ಟ್. ಮನುಷ್ಯ ಇಷ್ಟು ದೂರ ನಡೆಯಬಲ್ಲ! ನೆಹರೂ 1938ರಲ್ಲಿ ಬಾರ್ಸಿಲೋನಾಕ್ಕೆ ಹೋಗಿದ್ದರು, ಅಲ್ಲಿ ಹೋರಾಡುತ್ತಿದ್ದ ವಿದೇಶಿ ಸ್ವಯಂಸೇವಕರ ಬಗ್ಗೆ ಅವರಿಗಿದ್ದುದು ಮೆಚ್ಚುಗೆಯೇ.

ಇನ್ನುಳಿದವರು ಹಣಕ್ಕಾಗಿ ಹೋಗುವ ಬಾಡಿಗೆ ಸೈನಿಕರು, ಐಸಿಸ್‌ನಂಥ ಉಗ್ರ ಸಂಘಟನೆಗೆ ಸೇರುವವರು ಮತ್ತು ಕಲಬುರಗಿಯವರಂತೆ ಮೋಸಹೋಗಿ ಸಿಕ್ಕಿಬೀಳುವವರು. ತೊಂದರೆಯೆಂದರೆ ಗಡಿ ದಾಟುವಾಗ ಇವರೆಲ್ಲರ ಕೈಯಲ್ಲೂ ಇರುವುದು ಅದೇ ಟೂರಿಸ್ಟ್ ವೀಸಾ.

ತಟಸ್ಥ ದೇಶದ ಹೊಣೆ ಎಲ್ಲಿಯವರೆಗೆ

ಈ ವಿಷಯದಲ್ಲಿ ಜಗತ್ತಿನ ಮೂಲ ನಿಯಮ 1907ರ ಹೇಗ್ ಒಪ್ಪಂದದಲ್ಲಿದೆ. ಎರಡು ದೇಶ ಕಾದಾಡುತ್ತಿರುವಾಗ ಮೂರನೆಯ ದೇಶ ತಟಸ್ಥವಾಗಿದ್ದರೆ ಅದರ ಕರ್ತವ್ಯವೇನು? ಅದರ ನೆಲದಲ್ಲಿ ಹೋರಾಟದ ಪಡೆ ಕಟ್ಟುವಂತಿಲ್ಲ, ಸೈನಿಕರನ್ನು ಸೇರಿಸಿಕೊಳ್ಳುವ ಕಚೇರಿ ತೆರೆಯುವಂತಿಲ್ಲ. ಇದು ನಾಲ್ಕನೆಯ ವಿಧಿ. ಆದರೆ ಯಾರಾದರೂ ಒಬ್ಬೊಬ್ಬರಾಗಿ ಗಡಿ ದಾಟಿ ಹೋಗಿ ಯುದ್ಧದ ಒಂದು ಪಕ್ಷಕ್ಕೆ ಸೇವೆ ಸಲ್ಲಿಸಿದರೆ ಅದಕ್ಕೆ ತಟಸ್ಥ ದೇಶ ಹೊಣೆಯಲ್ಲ ಎನ್ನುತ್ತದೆ ಆರನೆಯ ವಿಧಿ.

ಈ ಎರಡು ವಿಧಿಗಳನ್ನು ಜೊತೆಗಿಟ್ಟು ಓದಿದರೆ ಒಂದು ವಿವೇಕ ಕಾಣುತ್ತದೆ. ಆಗಿನವರು ಬಂದೂಕು ಹಿಡಿದು ಹೊರಟ ಒಂಟಿ ಮನುಷ್ಯನ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ, ಅವನನ್ನು ಒಟ್ಟುಮಾಡಿ ಕಳಿಸುವವನ ಬಗ್ಗೆ ತಲೆಕೆಡಿಸಿಕೊಂಡರು. ಆದರೆ ಅವರ ಕಲ್ಪನೆಯಲ್ಲಿ ನೇಮಕಾತಿ ಎಂದರೆ ಬೋರ್ಡು ಹಾಕಿದ ಒಂದು ಕಚೇರಿ. ದುಬೈನಲ್ಲಿ ಕೂತು ಹಿಂದಿಯಲ್ಲಿ ಮಾತನಾಡುತ್ತ, ಮುಂಬೈ ದೆಹಲಿಗಳ ಸಬ್ ಏಜೆಂಟರ ಮೂಲಕ ಕಲಬುರಗಿಯ ಹುಡುಗನನ್ನು ಮಾಸ್ಕೋಗೆ ಕಳಿಸುವ ಮೊಬೈಲ್ ಪರದೆಯ ನೇಮಕಾತಿ ಅವರ ಕಲ್ಪನೆಗೆ ಬಂದಿರಲಿಲ್ಲ. ಕಚೇರಿ ಯಾವ ದೇಶದ ನೆಲದಲ್ಲಿದೆ ಎಂಬ ಪ್ರಶ್ನೆಗೇ ಈಗ ಅರ್ಥವಿಲ್ಲದಂತಾಗಿದೆ.

‘ಬಾಡಿಗೆ ಸೈನಿಕ’ ಎಂಬ ಮಾತನ್ನೂ ಇಲ್ಲೇ ಬಿಡಿಸಿ ನೋಡಬೇಕು, ಏಕೆಂದರೆ ಟಿವಿ ಚರ್ಚೆಗಳಲ್ಲಿ ಇದು ಬೈಗುಳದಂತೆ ಬಳಕೆಯಾಗುತ್ತದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 47ನೇ ವಿಧಿ ಇದಕ್ಕೆ ಆರು ಷರತ್ತು ಹಾಕುತ್ತದೆ. ಆರೂ ಒಟ್ಟಿಗೆ ಕೂಡಿಬರಬೇಕು. ಒಂದು ತಪ್ಪಿದರೂ ಆತ ಬಾಡಿಗೆ ಸೈನಿಕನಲ್ಲ. ಯುದ್ಧಕ್ಕೆಂದೇ ನೇಮಕವಾಗಿರಬೇಕು, ನೇರವಾಗಿ ಕಾದಾಡಿರಬೇಕು, ಮುಖ್ಯ ಉದ್ದೇಶ ಹಣವಾಗಿದ್ದು ಅದೇ ದರ್ಜೆಯ ಸ್ಥಳೀಯ ಸೈನಿಕನಿಗಿಂತ ಬಹಳ ಹೆಚ್ಚು ಸಂಬಳದ ಭರವಸೆ ಇರಬೇಕು, ಯುದ್ಧ ಮಾಡುವ ದೇಶದ ಪ್ರಜೆಯೋ ನಿವಾಸಿಯೋ ಆಗಿರಬಾರದು, ಇನ್ನೊಂದು ಸರ್ಕಾರ ಅಧಿಕೃತವಾಗಿ ಕಳಿಸಿದವನಾಗಿರಬಾರದು. ಆರನೆಯದೇ ನಿರ್ಣಾಯಕ: ಯುದ್ಧ ಮಾಡುವ ದೇಶದ ಸೇನೆಯ ಸದಸ್ಯನಾಗಿರಬಾರದು.

ಅಂದರೆ ಯಾವುದೇ ದೇಶ ವಿದೇಶಿಯೊಬ್ಬನಿಗೆ ಸಮವಸ್ತ್ರ ತೊಡಿಸಿ ತನ್ನ ಸೇನೆಯ ಪಟ್ಟಿಯಲ್ಲಿ ಹೆಸರು ಬರೆದುಕೊಂಡರೆ ಆತ ಕಾನೂನಿನ ಕಣ್ಣಲ್ಲಿ ಬಾಡಿಗೆ ಸೈನಿಕನಲ್ಲ. ಇದರಲ್ಲಿ ಜೀವ ಉಳಿಯುವ ಪ್ರಶ್ನೆಯಿದೆ. ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ರಕ್ಷಣೆ ಸಿಗುವುದಿಲ್ಲ, ಸೈನಿಕನಿಗೆ ಸಿಗುತ್ತದೆ. 2022ರ ಜೂನ್‌ನಲ್ಲಿ ಪೂರ್ವ ಉಕ್ರೇನಿನ ಡೊನೆಟ್ಸ್ಕ್‌ನ ರಷ್ಯಾಪರ ನ್ಯಾಯಾಲಯವೊಂದು ಇಬ್ಬರು ಬ್ರಿಟಿಷರಿಗೆ ಮತ್ತು ಒಬ್ಬ ಮೊರಾಕ್ಕೊ ಪ್ರಜೆಗೆ ಬಾಡಿಗೆ ಸೈನಿಕರೆಂಬ ಆರೋಪದ ಮೇಲೆ ಮರಣದಂಡನೆ ವಿಧಿಸಿತು. ಅವರು ಉಕ್ರೇನ್ ಸೇನೆಯ ಖಾಯಂ ತುಕಡಿಗಳಲ್ಲಿದ್ದವರು. ಕಾನೂನು ಅವರ ಪರವಾಗಿತ್ತು, ಆದರೆ ಅವರನ್ನು ಉಳಿಸಿದ್ದು ಕಾನೂನಲ್ಲ. ಅದೇ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ಮಧ್ಯಸ್ಥಿಕೆಯಿಂದ ಕೈದಿಗಳ ವಿನಿಮಯ ನಡೆದು ಹೊರಬಂದರು. ಕಾನೂನಿನ ವ್ಯಾಖ್ಯೆಯನ್ನು ನಂಬಿ ಯುದ್ಧಕ್ಕೆ ಹೊರಡುವವರು ಈ ಪ್ರಕರಣವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಭಾರತ ಈ ಹೆಚ್ಚುವರಿ ಪ್ರೋಟೊಕಾಲ್‌ಗೆ ಸೇರಿಲ್ಲ.

ಬೇರೆಯವರು ಏನು ಮಾಡಿದ್ದಾರೆ

ಬ್ರಿಟನ್ನಿನಲ್ಲಿ 1870ರ ವಿದೇಶಿ ಸೇನಾ ಸೇರ್ಪಡೆ ಕಾಯ್ದೆ ಇವತ್ತಿಗೂ ಪುಸ್ತಕದಲ್ಲಿದೆ. ಬ್ರಿಟನ್ನಿನೊಂದಿಗೆ ಶಾಂತಿಯಿಂದಿರುವ ದೇಶದ ವಿರುದ್ಧ ಕಾದಾಡುವ ಇನ್ನೊಂದು ದೇಶದ ಸೇನೆಗೆ ಅನುಮತಿಯಿಲ್ಲದೆ ಸೇರುವುದು ಅದರ ಪ್ರಕಾರ ಅಪರಾಧ. 1937ರ ಜನವರಿಯಲ್ಲಿ ಸ್ಪೇನಿಗೆ ಹೋಗುವವರಿಗೆ ಈ ಕಾಯ್ದೆಯ ಎಚ್ಚರಿಕೆ ಕೊಟ್ಟರು. ಆದರೂ ಜನ ಹೋದರು, ಬಂದರು, ಯಾರ ಮೇಲೂ ಕೇಸು ನಡೆಯಲಿಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ಉಕ್ರೇನ್ ಅಧ್ಯಕ್ಷ ಜೆಲೆನ್ಸ್ಕಿ ವಿದೇಶಿಯರನ್ನು ತಮ್ಮ ಅಂತಾರಾಷ್ಟ್ರೀಯ ದಳಕ್ಕೆ ಕರೆದಾಗ ಬ್ರಿಟನ್ನಿನ ಅಂದಿನ ವಿದೇಶಾಂಗ ಸಚಿವೆ ಲಿಜ್ ಟ್ರಸ್, ಹೋಗುವವರಿಗೆ ತಮ್ಮ ಬೆಂಬಲವಿದೆ ಎಂದುಬಿಟ್ಟರು. ಕೆಲವೇ ದಿನಗಳಲ್ಲಿ ಅದೇ ದೇಶದ ಸೇನಾ ಮುಖ್ಯಸ್ಥರು ಅದು ಕಾನೂನುಬಾಹಿರ, ಉಪಯೋಗಕ್ಕೂ ಬಾರದು ಎಂದರು. ಹಳೆಯ ಕಾಯ್ದೆಯನ್ನು ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆಯುವ ಅಭ್ಯಾಸದಿಂದ ಇಂಥ ಪೇಚಾಟ ಹುಟ್ಟುತ್ತದೆ.

ಅಮೆರಿಕದಲ್ಲಿ 1794ರಿಂದ ತಟಸ್ಥತಾ ಕಾನೂನಿದೆ. ಅದು ಅಮೆರಿಕದ ನೆಲದಲ್ಲಿ ವಿದೇಶಿ ಸೇನೆಗೆ ನೇಮಕಾತಿ ನಡೆಯುವುದನ್ನು ತಡೆಯುತ್ತದೆ. ತಾನಾಗಿ ಹೊರಟು ಹೊರಗೆ ಹೋಗಿ ಸೇರುವ ಒಬ್ಬ ವ್ಯಕ್ತಿಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆಸ್ಟ್ರೇಲಿಯಾ ಇನ್ನೊಂದು ರೀತಿ ಯೋಚಿಸಿತು: ವಿದೇಶಕ್ಕೆ ಹೋಗಿ ಕಾದಾಡುವುದು ಗಂಭೀರ ಅಪರಾಧ, ಆದರೆ ಅಲ್ಲಿನ ಸರ್ಕಾರದ ಸೇನೆಯಲ್ಲಿ ಸೇವೆ ಸಲ್ಲಿಸುವವನಿಗೆ ವಿನಾಯಿತಿ ಉಂಟು. ದಕ್ಷಿಣ ಆಫ್ರಿಕಾ ಎಲ್ಲರಿಗಿಂತ ಬಿಗಿ. ವರ್ಣಭೇದದ ಕಾಲದ ಸೇನೆಯಿಂದ ಹೊರಬಿದ್ದವರು ಆಫ್ರಿಕಾದ ಯುದ್ಧಗಳಲ್ಲಿ ಬಾಡಿಗೆಗೆ ದುಡಿಯುವುದನ್ನು ಕಂಡು 1998ರಲ್ಲಿ ಕಾಯ್ದೆ ತಂದಿತು. ಈಕ್ವಟೋರಿಯಲ್ ಗಿನಿಯಲ್ಲಿ ಕ್ಷಿಪ್ರಕ್ರಾಂತಿ ನಡೆಸುವ ಸಂಚಿಗೆ ಸಂಬಂಧಿಸಿ 2005ರಲ್ಲಿ ಆ ಕಾಯ್ದೆಯಡಿ ತಪ್ಪೊಪ್ಪಿಕೊಂಡು ದಂಡ ತೆತ್ತವರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಥ್ಯಾಚರ್ ಒಬ್ಬರು.

ನಮ್ಮ ನೆರೆಯ ನೇಪಾಳ, ತನ್ನ ಹುಡುಗರು ರಷ್ಯಾದ ಸೇನೆಯಲ್ಲಿ ಸಾಯತೊಡಗಿದ ಮೇಲೆ, 2024ರ ಜನವರಿಯಲ್ಲಿ ರಷ್ಯಾ ಮತ್ತು ಉಕ್ರೇನ್‌ಗೆ ದುಡಿಯಲು ಹೋಗುವ ಪರವಾನಗಿಯನ್ನೇ ನಿಲ್ಲಿಸಿತು. ಒಪ್ಪಂದವಿರುವ ಭಾರತ ಮತ್ತು ಬ್ರಿಟನ್ ಸೇನೆಗಳಿಗೆ ಹೋಗಬಹುದು, ಬೇರೆಡೆಗೆ ಸಲ್ಲದು ಎಂಬುದು ಅವರ ನಿಲುವು. ನನಗೆ ಇದರಲ್ಲಿ ತತ್ವದ ಗೊಂದಲವೇನೂ ಕಾಣುವುದಿಲ್ಲ. ಎರಡು ಸರ್ಕಾರಗಳು ಕಾಗದದ ಮೇಲೆ ಹೊಣೆ ಹೊತ್ತಿರುವ ನೇಮಕಾತಿಗೂ ಏಜೆಂಟ್ ಒಬ್ಬ ಹೊತ್ತಿರುವ ನೇಮಕಾತಿಗೂ ಬಹಳ ವ್ಯತ್ಯಾಸವಿದೆ. ಪಿಂಚಣಿ ಯಾರು ಕೊಡುತ್ತಾರೆ, ಹೆಣವನ್ನು ಮನೆಗೆ ತಲುಪಿಸುವವರು ಯಾರು ಎಂದು ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಏಷ್ಯಾ ಎಂಬ ಪದ ಹೋದ ಕಥೆ

ಈಗ ಭಾರತದ ಕಾನೂನಿಗೆ ಬರೋಣ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ.

1874ರಲ್ಲಿ ಬ್ರಿಟಿಷ್ ಸರ್ಕಾರ ವಿದೇಶಿ ನೇಮಕಾತಿ ಕಾಯ್ದೆ ಎಂಬುದನ್ನು ಇಲ್ಲಿ ಜಾರಿಗೆ ತಂದಿತು. ಭಾರತದಲ್ಲಿ ಯಾರಾದರೂ ವಿದೇಶಿ ರಾಜ್ಯದ ಸೇವೆಗೆ ಜನರನ್ನು ಸೇರಿಸುತ್ತಿದ್ದರೆ ಅದನ್ನು ತಡೆಯುವ ಅಥವಾ ಷರತ್ತಿನ ಮೇಲೆ ಬಿಡುವ ಅಧಿಕಾರ ಸರ್ಕಾರಕ್ಕಿತ್ತು. ‘ವಿದೇಶಿ ರಾಜ್ಯ’ ಎಂದರೆ ಮಾನ್ಯತೆ ಪಡೆದ ಸರ್ಕಾರವೇ ಆಗಬೇಕಿರಲಿಲ್ಲ. ಒಂದು ಪ್ರದೇಶದ ಮೇಲೆ ಆಳ್ವಿಕೆ ನಡೆಸುತ್ತಿದ್ದೇನೆ ಎಂದುಕೊಂಡ ಯಾರಾದರೂ ಆ ವ್ಯಾಖ್ಯೆಯೊಳಗೆ ಬರುತ್ತಿದ್ದರು. ಗುರಿಯಿಟ್ಟದ್ದು ಮತ್ತೆ ನೇಮಕ ಮಾಡುವವನ ಮೇಲೆಯೇ.

ಹೋಗಿ ಕಾದಾಡುವವನನ್ನು ಹಿಡಿಯಲು ಇದ್ದದ್ದು ಭಾರತೀಯ ದಂಡ ಸಂಹಿತೆಯ 125ನೇ ಸೆಕ್ಷನ್. ಭಾರತದೊಂದಿಗೆ ಮೈತ್ರಿಯಿಂದ ಅಥವಾ ಶಾಂತಿಯಿಂದ ಇರುವ ಯಾವುದೇ ‘ಏಷ್ಯಾದ ಶಕ್ತಿ’ಯ ಸರ್ಕಾರದ ವಿರುದ್ಧ ಯುದ್ಧ ಹೂಡಿದವನಿಗೆ, ಹೂಡಲು ಯತ್ನಿಸಿದವನಿಗೆ, ಕುಮ್ಮಕ್ಕು ಕೊಟ್ಟವನಿಗೆ ಜೀವಾವಧಿ, ಇಲ್ಲವೇ ಏಳು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ. ಏಷ್ಯಾವೇ ಏಕೆ? ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಹಿತೆ ಬರೆದವರಿಗೆ ಚಿಂತೆಯಿದ್ದುದು ಸುತ್ತಮುತ್ತಲಿನ ರಾಜ್ಯಗಳ ಬಗ್ಗೆ. ಭಾರತದ ಸಿಪಾಯಿಯೊಬ್ಬ ತಾನಾಗಿ ಯುರೋಪಿಗೆ ಹೋಗಿ ಯುದ್ಧ ಮಾಡುತ್ತಾನೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಈ ಹಳೆಯ ಸೆಕ್ಷನ್ ದಶಕಗಳ ಕಾಲ ಮೂಲೆಯಲ್ಲಿದ್ದು, ಐಸಿಸ್ ಬಂದ ಮೇಲೆ ಎದ್ದು ಕೂತಿತು. ಇರಾಕಿಗೆ ಹೋಗಿ ಐಸಿಸ್ ಪರ ಹೋರಾಡಿ ಮರಳಿದ ಒಬ್ಬನಿಗೆ ಕೊಚ್ಚಿಯ ಎನ್‌ಐಎ ವಿಶೇಷ ನ್ಯಾಯಾಲಯ 2020ರ ಸೆಪ್ಟೆಂಬರಿನಲ್ಲಿ ಜೀವಾವಧಿ ವಿಧಿಸಿತು. ಆರೋಪಗಳಲ್ಲಿ ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯ ಜೊತೆ 125ನೇ ಸೆಕ್ಷನ್ ಕೂಡ ಇತ್ತು. ಇರಾಕ್ ಏಷ್ಯಾದಲ್ಲಿದೆ, ಭಾರತದೊಂದಿಗೆ ಶಾಂತಿಯಿಂದಿದೆ, ಹಾಗಾಗಿ ಸೆಕ್ಷನ್ ಸರಿಯಾಗಿ ಕೂತಿತು.

ಐಸಿಸ್ ವಿರುದ್ಧ ಹೊರಟವರ ಕಥೆ ಇದಕ್ಕಿಂತ ಸ್ವಾರಸ್ಯದ್ದು. 2014ರಲ್ಲಿ ಐಸಿಸ್ ಮೊಸುಲ್ ಹಿಡಿದು ಬಾಗ್ದಾದ್‌ನತ್ತ ನುಗ್ಗುತ್ತಿದ್ದಾಗ ಕರ್ಬಲಾ, ನಜಾಫ್‌ಗಳ ಪವಿತ್ರ ಸ್ಥಳಗಳನ್ನು ಕಾಯಲು ಹೋಗುತ್ತೇವೆಂದು ಭಾರತದ ಸಾವಿರಾರು ಶಿಯಾ ಮುಸ್ಲಿಮರು ಹೆಸರು ನೋಂದಾಯಿಸಿದರು. ದೆಹಲಿಯ ಶಿಯಾ ಸಂಘಟನೆ ಅಂಜುಮನ್‌-ಎ-ಹೈದರಿ ಇದಕ್ಕೆ ಮುಂದಾಳಾಗಿತ್ತು. ಜಗತ್ತಿನ ಬಹುಪಾಲು ದೇಶಗಳು ಉಗ್ರರೆಂದು ಕರೆದವರ ವಿರುದ್ಧ, ಭಾರತದ ಮಿತ್ರ ಸರ್ಕಾರವೊಂದರ ಪರವಾಗಿ ನಿಲ್ಲುತ್ತೇವೆ ಎನ್ನುವವರು ಇವರು. 125ನೇ ಸೆಕ್ಷನ್ ಇವರಿಗೆ ತಾಗುವುದೇ ಇಲ್ಲ. ಆದರೂ ಸರ್ಕಾರ ಲುಕ್‌ಔಟ್ ನೋಟಿಸ್ ಹೊರಡಿಸಿ ತಡೆಯಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋದಾಗ ಕೇಂದ್ರ ಗೃಹ ಸಚಿವಾಲಯ ಕೊಟ್ಟ ಕಾರಣ ಗಮನಿಸುವಂಥದ್ದು: ಭಾರತೀಯರು ಬೇರೆ ದೇಶದ ಸಂಘರ್ಷಕ್ಕೆ ಇಳಿಯಲು ಬಿಟ್ಟರೆ ಭಾರತ ಸರ್ಕಾರವೇ ಹೊರಗೆ ಭಯೋತ್ಪಾದನೆಗೆ ಕುಮ್ಮಕ್ಕು ಕೊಡುತ್ತಿದೆ ಎಂಬ ಆರೋಪ ಬರುತ್ತದೆ.

ಈ ವಾದದ ಬಲ ಇರುವುದು ಇಲ್ಲಿಯೇ. ಕಾಶ್ಮೀರಕ್ಕೆ ಬರುವವರನ್ನು ‘ಅವರು ಸ್ವಯಂಸೇವಕರು, ತಾವಾಗಿ ಹೋದವರು, ನಮಗೂ ಅವರಿಗೂ ಸಂಬಂಧವಿಲ್ಲ’ ಎಂದು ಪಾಕಿಸ್ತಾನ ಹೇಳುತ್ತ ಬಂದಾಗಲೆಲ್ಲ ಭಾರತ ಅದನ್ನು ತಳ್ಳಿಹಾಕಿದೆ. ನಿಮ್ಮ ನೆಲದಿಂದ ಹೋದವನಿಗೆ ನೀವೇ ಹೊಣೆ ಎಂದಿದೆ. ಅದೇ ಭಾರತ ತನ್ನ ಪ್ರಜೆಗಳಿಗೆ ‘ಒಳ್ಳೆಯ ಪಕ್ಷದ ಪರ ಹೋಗುವುದಾದರೆ ಹೋಗಿ’ ಎನ್ನಲಾರದು. ಹೇಗ್ ಒಪ್ಪಂದದ ಆರನೆಯ ವಿಧಿ ಕೊಡುವ ಅನುಕೂಲವನ್ನು ನಮ್ಮ ಭೂಗೋಳ ನಮಗೆ ಕೊಡುವುದಿಲ್ಲ.

2022ರಲ್ಲಿ ಇದೆಲ್ಲ ತಲೆಕೆಳಗಾಯಿತು. ಉಕ್ರೇನಿನಲ್ಲಿ ಓದುತ್ತಿದ್ದ ತಮಿಳುನಾಡಿನ ವಿದ್ಯಾರ್ಥಿಯೊಬ್ಬ ಆ ದೇಶದ ಪರ ಹೋರಾಡುವ ಸ್ವಯಂಸೇವಕ ಪಡೆ ಸೇರಿದ ಸುದ್ದಿ ಬಂತು. ಆತ ಯುದ್ಧ ಹೂಡಿದ್ದು ರಷ್ಯಾದ ವಿರುದ್ಧ. ರಷ್ಯಾ ‘ಏಷ್ಯಾದ ಶಕ್ತಿ’ಯೇ? ಭೂಪಟ ನೋಡಿದರೆ ಅದರ ಮುಕ್ಕಾಲು ಪಾಲು ನೆಲ ಏಷ್ಯಾದಲ್ಲಿದೆ, ರಾಜಧಾನಿ ಯುರೋಪಿನಲ್ಲಿದೆ. ಮರುವರ್ಷ ರಷ್ಯಾದ ಸೇನೆ ಸೇರಿದವರು ಕಾದಾಡಿದ್ದು ಉಕ್ರೇನ್ ವಿರುದ್ಧ. ಉಕ್ರೇನ್ ಏಷ್ಯಾದಲ್ಲಿ ಇಲ್ಲವೇ ಇಲ್ಲ. ಅಂದರೆ ಒಂದೇ ಯುದ್ಧದಲ್ಲಿ ಒಂದು ಪಕ್ಷ ಸೇರಿದವನ ಮೇಲೆ ವಾದಿಸಬಹುದಾದ ಕೇಸು, ಇನ್ನೊಂದು ಪಕ್ಷ ಸೇರಿದವನ ಮೇಲೆ ಏನೂ ಇಲ್ಲ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ 125ನೇ ಸೆಕ್ಷನ್ ಅಲ್ಲಿ 153ನೆಯದಾಯಿತು. ಶಿಕ್ಷೆ ಅದೇ. ಬದಲಾದದ್ದು ಎರಡು ಮೂರು ಪದ. ‘ಏಷ್ಯಾದ ಶಕ್ತಿ’ ಹೋಗಿ ‘ಭಾರತದೊಂದಿಗೆ ಶಾಂತಿಯಿಂದಿರುವ ಯಾವುದೇ ವಿದೇಶಿ ರಾಜ್ಯ’ ಬಂತು. ಗದ್ದಲವಿಲ್ಲದೆ ಆದ ಈ ತಿದ್ದುಪಡಿಯ ಪರಿಣಾಮ ದೊಡ್ಡದು. ಈಗ ಭಾರತೀಯನೊಬ್ಬ ರಷ್ಯಾದ ಸಮವಸ್ತ್ರ ತೊಟ್ಟು ಉಕ್ರೇನ್ ಸೈನಿಕರ ಮೇಲೆ ಗುಂಡು ಹಾರಿಸಿದರೆ ಸೆಕ್ಷನ್ನಿನ ಅಕ್ಷರಕ್ಕೆ ಸಿಕ್ಕಿಬೀಳುತ್ತಾನೆ. ಉಕ್ರೇನ್ ಪರ ನಿಂತರೂ ಅಷ್ಟೇ. ಖಾಯಂ ಸೇನೆ, ಉಗ್ರ ಸಂಘಟನೆ ಎಂಬ ಭೇದವನ್ನು ಈ ಸೆಕ್ಷನ್ ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲಿರುವಂಥ ವಿನಾಯಿತಿಯೂ ಇಲ್ಲ. ದೇಶದ ಹೊರಗೆ ಮಾಡಿದ ಕೃತ್ಯಕ್ಕೂ ಭಾರತೀಯ ಪ್ರಜೆ ಈ ಸಂಹಿತೆಗೆ ಬದ್ಧ.

ಹಾಗಾದರೆ ರಷ್ಯಾದಿಂದ ಮರಳಿದ 96 ಜನರೆಲ್ಲ ಜೈಲಿಗೆ ಹೋದರೇ? ಇಲ್ಲ. ಇಂಥ ಪ್ರಕರಣ ನಡೆಸಲು ಕೇಂದ್ರ ಅಥವಾ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು, ಅದಿಲ್ಲದೆ ನ್ಯಾಯಾಲಯ ಕೈಗೆತ್ತಿಕೊಳ್ಳುವಂತಿಲ್ಲ. ಸರ್ಕಾರ ಇವರನ್ನು ಬಲಿಪಶುಗಳೆಂದು ನೋಡಿತು, ಅದು ಸರಿಯಾದ ನೋಟ. 2024ರ ಜುಲೈನಲ್ಲಿ ಮಾಸ್ಕೋಗೆ ಹೋದಾಗ ಪ್ರಧಾನಿ ಮೋದಿ ಪುಟಿನ್ ಮುಂದೆ ಇವರ ಬಿಡುಗಡೆಯ ವಿಷಯ ಎತ್ತಿದರು. ಸರ್ಕಾರದ ಒಂದು ಕೈ ಅವರನ್ನು ಬಿಡಿಸಿ ತರುತ್ತಿದ್ದ ಅದೇ ತಿಂಗಳಲ್ಲಿ ಇನ್ನೊಂದು ಕೈ ಬರೆದ ಹೊಸ ಕಾನೂನು ಅಂಥವರನ್ನೇ ಜೀವಾವಧಿಗೆ ಅರ್ಹರನ್ನಾಗಿ ಮಾಡಿತ್ತು ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಇದು ಬರಿಯ ತಮಾಷೆಯಲ್ಲ. ಕೇಸು ಹಾಕುವುದೂ ಬಿಡುವುದೂ ಪೂರ್ತಿಯಾಗಿ ಸರ್ಕಾರದ ಅನುಮತಿಯ ಮೇಲೆ ನಿಂತಿದ್ದರೆ, ಶಿಕ್ಷೆ ತೀರ್ಮಾನವಾಗುವುದು ಆತ ಮಾಡಿದ ಕೃತ್ಯದ ಮೇಲಲ್ಲ, ಆತ ಯಾವ ದೇಶದ ಪರ ಹೋದ, ಆ ದೇಶದೊಂದಿಗೆ ದೆಹಲಿಯ ಸಂಬಂಧ ಆ ವರ್ಷ ಹೇಗಿತ್ತು ಎಂಬುದರ ಮೇಲೆ. ಕೆಲವೊಮ್ಮೆ ಆತನ ಹೆಸರಿನ ಮೇಲೂ ಇರಬಹುದು ಎಂಬ ಅನುಮಾನ ಹುಟ್ಟಲು ಜಾಗ ಉಳಿಯುತ್ತದೆ. ಇಷ್ಟು ಅಗಲದ ವಿವೇಚನೆ ಯಾವ ಸರ್ಕಾರದ ಕೈಯಲ್ಲಿದ್ದರೂ ನನಗೆ ನೆಮ್ಮದಿ ಕೊಡುವುದಿಲ್ಲ.

ಪೌರತ್ವದ ಇನ್ನೊಂದು ಬಲೆ

2024ರ ಜನವರಿಯಲ್ಲಿ ಪುಟಿನ್ ಒಂದು ಆದೇಶ ಹೊರಡಿಸಿದರು. ಯುದ್ಧದ ಅವಧಿಯಲ್ಲಿ ಕನಿಷ್ಠ ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ವಿದೇಶಿಯರಿಗೆ, ಅವರ ಹೆಂಡತಿ ಮಕ್ಕಳಿಗೂ ಸಹ, ಬೇಗನೆ ರಷ್ಯಾದ ಪೌರತ್ವ ಸಿಗುತ್ತದೆ. ಕೇಳಲು ಬಹುಮಾನದಂತಿದೆ. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಆ ಕ್ಷಣದಿಂದ ಆತ ನಮ್ಮ ರಾಯಭಾರ ಕಚೇರಿಯ ಮುಂದೆ ನಿಂತು ಬಿಡಿಸಿ ಎಂದು ಕೇಳುವ ಹಕ್ಕುಳ್ಳ ಭಾರತೀಯನಲ್ಲ. ತನ್ನ ದೇಶದ ಸೇನೆಯಲ್ಲಿರುವ ಒಬ್ಬ ರಷ್ಯನ್, ಅಷ್ಟೆ. ಓದಲು ಬಾರದ ಭಾಷೆಯ ಕಾಗದಗಳ ಕಟ್ಟಿನಲ್ಲಿ ಇಂಥದ್ದೊಂದು ಅರ್ಜಿಯೂ ಸೇರಿದ್ದರೆ ಅದು ‘ಸ್ವಇಚ್ಛೆ’ಯೇ ಎಂಬ ವಾದವನ್ನು ವಕೀಲರು ಆಮೇಲೆ ಮಾಡಬಹುದು, ಕಂದಕದಲ್ಲಿ ಕೂತವನಿಗೆ ಅದರಿಂದ ಉಪಯೋಗ ಕಡಿಮೆ.

ವಿದೇಶಿ ಸೇನೆ ಸೇರಿದ ಮಾತ್ರಕ್ಕೆ, ಪೌರತ್ವ ಬದಲಿಸದಿದ್ದರೆ, ಭಾರತೀಯತೆ ಹೋಗುವುದಿಲ್ಲ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇರುವ ಭಾರತೀಯ ಪ್ರಜೆ ಅಲ್ಲಿನ ಸೇನೆ ಸೇರಬಹುದು. ಬ್ರಿಟನ್ನಿನ ಸೇನೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳನ್ನು ತೆಗೆದುಕೊಳ್ಳುತ್ತದೆ. ಇದನ್ನು ನೇರವಾಗಿ ನಿಷೇಧಿಸುವ ಸಾಲು ಭಾರತದ ಕಾನೂನಿನಲ್ಲಿಲ್ಲ. ಆದರೆ ಡಲ್ಲಾಸ್‌ನಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ಇರುವ ಒಬ್ಬ ಕನ್ನಡಿಗ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿನ ಸೇನೆ ಸೇರಿ, ಆ ದೇಶ ನಾಳೆ ಭಾರತದ ಮಿತ್ರ ರಾಷ್ಟ್ರವೊಂದರ ಮೇಲೆ ದಂಡೆತ್ತಿ ಹೋದರೆ? 153ನೇ ಸೆಕ್ಷನ್ನಿನ ಪದಗಳು ಆತನನ್ನೂ ಒಳಗೊಳ್ಳುತ್ತವೆ. ಯಾವ ಸರ್ಕಾರವೂ ಅಂಥ ಕೇಸಿಗೆ ಅನುಮತಿ ಕೊಡುವುದಿಲ್ಲ ಎಂಬುದು ಬೇರೆ ಮಾತು. ಕೊಡುವುದಿಲ್ಲ ಎಂದು ಖಚಿತವಾಗಿರುವ ಕಾರಣ ನ್ಯಾಯವಲ್ಲ, ರಾಜತಾಂತ್ರಿಕತೆ ಎಂಬುದೇ ಇಲ್ಲಿನ ತಕರಾರು.

ಬಿಡಬೇಕೇ, ತಡೆಯಬೇಕೇ?

ಬಿಡಬೇಕು ಎನ್ನುವವರ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ವಯಸ್ಕ ಮನುಷ್ಯ ತನ್ನ ಜೀವವನ್ನು ಯಾವುದಕ್ಕೆ ಒತ್ತೆಯಿಡಬೇಕೆಂದು ತಾನೇ ನಿರ್ಧರಿಸುತ್ತಾನೆ. ಸರ್ಕಾರಗಳು ತಟಸ್ಥವಾಗಿ ಕೈಕಟ್ಟಿ ಕೂತಾಗ ಸ್ಪೇನಿಗೆ ಹೋದವರು ಫ್ಯಾಸಿಸಂ ಏನೆಂಬುದನ್ನು ತಮ್ಮ ಸರ್ಕಾರಗಳಿಗಿಂತ ಮೊದಲು ಗುರುತಿಸಿದ್ದರು. ಹುದ್ದಾರ್ ಅವರನ್ನು ಅಪರಾಧಿಯೆಂದು ಕರೆಯಲು ಇಂದು ಯಾರಿಗೆ ನಾಲಿಗೆ ಬಂದೀತು?

ಆದರೆ ಬಂದೂಕಿನ ವಿಷಯ ಮಾತಿನ ಸ್ವಾತಂತ್ರ್ಯದಂತಲ್ಲ. ಒಂದು ದೇಶ ಯುದ್ಧಕ್ಕೆ ಇಳಿಯಬೇಕೇ ಬೇಡವೇ ಎಂಬುದನ್ನು ಪ್ರಜಾಪ್ರಭುತ್ವದಲ್ಲಿ ಚುನಾಯಿತ ಸರ್ಕಾರ ತೀರ್ಮಾನಿಸುತ್ತದೆ, ಸಂಸತ್ತಿಗೆ ಉತ್ತರ ಹೇಳುತ್ತದೆ. ಒಬ್ಬ ಪ್ರಜೆ ತನ್ನ ಲೆಕ್ಕದಲ್ಲಿ ಹೋಗಿ ಕಾದಾಡಿದರೂ ಸೆರೆಸಿಕ್ಕಾಗ ತೋರಿಸುವುದು ನಮ್ಮೆಲ್ಲರ ಪಾಸ್‌ಪೋರ್ಟನ್ನೇ, ಬಿಡಿಸಲು ಬೇಡಿಕೊಳ್ಳುವುದು ನಮ್ಮೆಲ್ಲರ ಸರ್ಕಾರವೇ. ಆ ಬೇಡಿಕೆಗೆ ಬದಲಾಗಿ ದೇಶ ಬೇರೆ ಯಾವುದೋ ವಿಷಯದಲ್ಲಿ ತಗ್ಗಬೇಕಾಗಬಹುದು. ಗಲ್ಫ್‌ನಲ್ಲಿ, ಇಸ್ರೇಲ್‌ನಲ್ಲಿ, ರಷ್ಯಾದಲ್ಲಿ, ಎಲ್ಲೆಲ್ಲೂ ನಮ್ಮ ಜನ ದುಡಿಯುತ್ತಿದ್ದಾರೆ. ಇವರಲ್ಲಿ ಕೆಲವರು ಯಾವುದೋ ಪಕ್ಷದ ಯೋಧರಾಗಿರಬಹುದು ಎಂಬ ಸಂಶಯ ಒಮ್ಮೆ ಹುಟ್ಟಿದರೆ ಉಳಿದ ಲಕ್ಷಾಂತರ ಜನರ ವೀಸಾಕ್ಕೂ ಅನ್ನಕ್ಕೂ ಅದರ ಬಿಸಿ ತಟ್ಟುತ್ತದೆ.

ಹೀಗಾಗಿ ನನ್ನ ಒಲವು ತಡೆಯುವ ಕಡೆಗೇ. ಆದರೆ ಈಗಿರುವ 153ನೇ ಸೆಕ್ಷನ್ನಿನ ರೀತಿಯಲ್ಲಲ್ಲ. ಸರ್ಕಾರಗಳ ನಡುವಿನ ಒಪ್ಪಂದದ ಮೇಲೆ, ಅಥವಾ ಕಾನೂನುಬದ್ಧವಾಗಿ ನೆಲೆಸಿರುವ ದೇಶದ ಖಾಯಂ ಸೇನೆಗೆ ಭಾರತಕ್ಕೆ ತಿಳಿಸಿ ಸೇರುವವನನ್ನು ಸೆಕ್ಷನ್ನಿನಿಂದ ಸ್ಪಷ್ಟವಾಗಿ ಹೊರಗಿಡಬೇಕು. ಮೋಸದಿಂದ ಅಥವಾ ಬಲವಂತದಿಂದ ಸೇರಿಸಲ್ಪಟ್ಟವನು ಅಪರಾಧಿಯಲ್ಲ ಎಂದು ಬರೆದಿಡಬೇಕು. ಈಗ ಸೆಕ್ಷನ್ನಿನಲ್ಲಿ ಅದು ಬರೆದಿಲ್ಲ, ಬಹುಮಟ್ಟಿಗೆ ಸರ್ಕಾರದ ದಯೆಯಲ್ಲಿದೆ. ಉಳಿದವರಿಗೆ, ಅಂದರೆ ತಿಳಿದೇ ಹೋಗುವವರಿಗೆ, ಯಾವ ಪಕ್ಷ ಎಂದು ನೋಡದೆ ಒಂದೇ ನಿಯಮ ಅನ್ವಯಿಸಲಿ.

ಇದಕ್ಕಿಂತ ತುರ್ತಾದದ್ದು ಏಜೆಂಟರ ವಿಷಯ. ಸಿಬಿಐ 2024ರ ಮಾರ್ಚ್‌ನಲ್ಲಿ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು, ಕೆಲವರನ್ನು ಬಂಧಿಸಿತು. ಹೊರಿಸಿದ್ದು ಮಾನವ ಕಳ್ಳಸಾಗಣೆ, ವಂಚನೆ, ಸಂಚಿನ ಆರೋಪ. ಆ ವರ್ಷದ ಏಪ್ರಿಲ್‌ನಿಂದ ಭಾರತೀಯರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿದ್ದೇವೆ ಎಂದು ದೆಹಲಿಯ ರಷ್ಯನ್ ರಾಯಭಾರ ಕಚೇರಿ ಆಗಸ್ಟ್‌ನಲ್ಲಿ ಹೇಳಿತು. ಆದರೆ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಹೊಸದಾಗಿ ಸೇರಿಸಿಕೊಂಡ ವರದಿಗಳು ಬಂದು, ನಮ್ಮ ವಿದೇಶಾಂಗ ಸಚಿವಾಲಯ ಈ ಪದ್ಧತಿ ನಿಲ್ಲಿಸಿ ಎಂದು ಮತ್ತೊಮ್ಮೆ ಕೇಳಬೇಕಾಯಿತು.

ತಡೆಯುವ ಜಾಲದಲ್ಲಿ ತೂತು ಎಲ್ಲಿದೆ ಎಂದು ನೋಡಿದರೆ ಎರಡು ಕಾಣುತ್ತವೆ. ಹತ್ತನೇ ತರಗತಿ ದಾಟದವರು ದುಡಿಯಲು ಹೋಗುವಾಗ ವಲಸೆ ಅನುಮತಿ ಕಡ್ಡಾಯವಾಗಿರುವ ದೇಶಗಳು 18. ಹೆಚ್ಚಿನವು ಗಲ್ಫ್ ಮತ್ತು ಸುತ್ತಲಿನವು. ರಷ್ಯಾ ಆ ಪಟ್ಟಿಯಲ್ಲಿಲ್ಲ. ಯುದ್ಧ ನಡೆಸುತ್ತಿರುವ ದೇಶವೊಂದು ಪಟ್ಟಿಯಲ್ಲಿಲ್ಲದಿರುವುದಕ್ಕೆ ಹಳೆಯ ಅಭ್ಯಾಸದ ಹೊರತು ಬೇರೆ ಕಾರಣ ನನಗೆ ಕಾಣುವುದಿಲ್ಲ. ಎರಡನೆಯದು ಮಾನವ ಕಳ್ಳಸಾಗಣೆಯ ವ್ಯಾಖ್ಯೆ. ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಶೋಷಣೆ ಎಂದರೇನು ಎಂದು ಹೇಳುವಾಗ ಲೈಂಗಿಕ ಶೋಷಣೆ, ಗುಲಾಮಗಿರಿ, ಜೀತ, ಭಿಕ್ಷಾಟನೆ, ಅಂಗಾಂಗ ತೆಗೆಯುವುದು ಎಲ್ಲವನ್ನೂ ಹೆಸರಿಸುತ್ತದೆ. ಮೋಸದಿಂದ ಸೇನೆಗೆ ಸೇರಿಸುವುದನ್ನು ಹೆಸರಿಸುವುದಿಲ್ಲ. ಏಜೆಂಟನ ವಕೀಲ ನ್ಯಾಯಾಲಯದಲ್ಲಿ ಮೊದಲು ಎತ್ತುವ ಮಾತೇ ಇದು: ಸಂಬಳವಿತ್ತು, ಒಪ್ಪಂದವಿತ್ತು, ಸಹಿ ಹಾಕಿದ್ದಾರೆ, ಇದರಲ್ಲಿ ಶೋಷಣೆ ಎಲ್ಲಿ? ಬಲಿಯಾದವನ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಕಳ್ಳಸಾಗಣೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ಅದು ಶೋಷಣೆಯೆಂದು ಸಾಬೀತಾದ ಮೇಲಿನ ಮಾತು. ಆ ಪಟ್ಟಿಗೆ ‘ಬಲವಂತದ ಅಥವಾ ವಂಚನೆಯ ಸೇನಾ ಸೇವೆ’ ಎಂಬ ಇನ್ನೊಂದು ಸಾಲು ಸೇರಿಸಲು ಸಂಸತ್ತಿಗೆ ಒಂದು ಮಧ್ಯಾಹ್ನದ ಕಲಾಪ ಸಾಕು.